ಪ್ರಾಥಮಿಕ ಶಾಲೆಯ ಓದು: ಉದ್ಯಮಿಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಬಾಬ್ತು

ಕುಶಲ ಕಾರ್ಮಿಕರು ದೊರೆಯುತ್ತಿಲ್ಲವೆಂಬ ದೂರು ವಾಣಿಜ್ಯ ಸಂಸ್ಥೆಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಐಟಿಐ ಮತ್ತು ಡಿಪ್ಲೊಮಾ ಪಠ್ಯಕ್ರಮಗಳನ್ನು ಸುಧಾರಿಸಬೇಕೆಂಬ ಮನವಿಗಳೂ ಸರ್ಕಾರಕ್ಕೆ ಸಲ್ಲುತ್ತವೆ. ಆದರೆ ಕೌಶಲದ ಬುಡ ಇರುವುದು ಐಟಿಐಯಲ್ಲಲ್ಲ, ಒಂದರಿಂದ ಮೂರನೆಯ ತರಗತಿಯವರೆಗಿನ ಕೊಠಡಿಯಲ್ಲಿ. ರಾಸಾಯನಿಕದ ಡಬ್ಬದ ಮೇಲಿನ ಎಚ್ಚರಿಕೆ, ಯಂತ್ರದ ಪಕ್ಕದ ಸೂಚನಾ ಫಲಕ, ಡೆಲಿವರಿ ಚಲನ್, ವೇತನ ಚೀಟಿ ಇವುಗಳನ್ನು ಓದಿ ಅರ್ಥ ಮಾಡಿಕೊಳ್ಳಲಾರದವನಿಗೆ ಮುಂದಿನ ಯಾವ ತರಬೇತಿಯೂ ಪೂರ್ಣವಾಗಿ ಹತ್ತುವುದಿಲ್ಲ.

ಪರಿಸ್ಥಿತಿಯ ಅಂದಾಜಿಗೆ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಅಂಕಿಗಳು ಸಾಕು. ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇ. 20.9, ಕೋವಿಡ್ ನಂತರದ 2022ರಲ್ಲಿ ಶೇ. 16.3, 2024ರಲ್ಲಿ ಶೇ. 23.4. ಏರಿಕೆ ಸಮಾಧಾನಕರವೇ ಸರಿ. ಆದರೂ ನಾಲ್ವರಲ್ಲಿ ಮೂವರು ಹಿಂದುಳಿದಿದ್ದಾರೆ.

ಕರ್ನಾಟಕದ ಪ್ರಯೋಗ

ಇದಕ್ಕೆ ಮಕ್ಕಳ ಬುದ್ಧಿಮತ್ತೆಯನ್ನು ದೂರುವುದು ಸಲ್ಲದು. ನಲವತ್ತು ಮಕ್ಕಳಿಗೆ ಒಂದೇ ದಿನ ಒಂದೇ ಪುಟವನ್ನು ಬೋಧಿಸಿದರೆ, ಹಿಂದುಳಿದ ಮಗು ಪ್ರತಿದಿನ ಇನ್ನಷ್ಟು ಹಿಂದುಳಿಯುತ್ತದೆ. ಈ ದೋಷಕ್ಕೆ ಕರ್ನಾಟಕವು ಬಹಳ ಹಿಂದೆಯೇ ಉತ್ತರ ಹುಡುಕಿತ್ತು. ಆಂಧ್ರಪ್ರದೇಶದ ಮದನಪಲ್ಲೆ ಬಳಿಯ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಆರಂಭವಾಯಿತು. 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಲಾಯಿತು.

ಈ ಪದ್ಧತಿಯಲ್ಲಿ ಪಠ್ಯವನ್ನು ಕಾರ್ಡುಗಳಾಗಿ ವಿಂಗಡಿಸಿ, 'ಕಲಿಕಾ ಏಣಿ'ಯ ಮೇಲೆ ಮೈಲಿಗಲ್ಲುಗಳಾಗಿ ಜೋಡಿಸಲಾಗಿದೆ. ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ಗುರುತಿಸಿ ತೆಗೆದುಕೊಳ್ಳುತ್ತದೆ. ಶಿಕ್ಷಕರ ನೆರವು ಬೇಕಾದವರು, ಸಹಪಾಠಿಯ ನೆರವು ಸಾಕಾದವರು, ಸ್ವತಃ ಕಲಿಯಬಲ್ಲವರು ಬೇರೆ ಬೇರೆ ಗುಂಪುಗಳಲ್ಲಿ ಕೂರುತ್ತಾರೆ. ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂಬ ಗುಂಪಿನಿಂದ ಆರಂಭಿಸುತ್ತಾರೆ. ಹೀಗಾಗಿ ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ ಮುಂತಾದ ಪದಗಳನ್ನು ಕೂಡಲೇ ಓದಬಲ್ಲದು. ಓದಿದ್ದು ಅರ್ಥವಾದರೆ ಆಸಕ್ತಿ ತಾನಾಗಿ ಬರುತ್ತದೆ. ಗೋಡೆಯ ಮೇಲಿನ 'ಪ್ರಗತಿ ನೋಟ'ವು ಪ್ರತಿ ಮಗುವಿನ ಹೆಸರಿನಲ್ಲಿ ತೆರೆದ ಖಾತೆಯಂತೆ ಕೆಲಸ ಮಾಡುತ್ತದೆ. ಗಿರಾಕಿಗಳೆಲ್ಲರ ಬಾಕಿಯನ್ನು ಒಟ್ಟುಗೂಡಿಸಿ ಸರಾಸರಿ ಬರೆಯುವ ವ್ಯಾಪಾರಿ ವಸೂಲಿ ಮಾಡಲಾರ. ತರಗತಿಯ ಸರಾಸರಿಯನ್ನಷ್ಟೇ ನೋಡುವ ಶಾಲೆಯ ಪಾಡೂ ಅದೇ.

ಕೊರತೆ ಎಲ್ಲಿ?

ಪದ್ಧತಿ ಒಳ್ಳೆಯದಾದರೂ ಅದು ತಾನಾಗಿ ನಡೆಯದು. ಮೂರು ತರಗತಿಗಳನ್ನು ಒಬ್ಬರೇ ಶಿಕ್ಷಕರು ನಿಭಾಯಿಸುವಲ್ಲಿ, ಹರಿದ ಕಾರ್ಡುಗಳು ಬದಲಾಗದಿರುವಲ್ಲಿ, ಅದು ಬರಿಯ ವಿಧಿಯಾಗಿ ಉಳಿಯುತ್ತದೆ. ಮೇಲಾಗಿ, ಅಕ್ಷರ ಕೂಡಿಸಲು ಕಲಿತ ಮಗುವಿಗೆ ಓದಲು ಕಥೆಗಳು ಬೇಕು. ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳಿದ್ದರೂ ಬೀರುವಿಗೆ ಬೀಗ. ಕಳೆದುಹೋದರೆ ದಾಸ್ತಾನು ವಹಿಯಲ್ಲಿ ಕೊರತೆ ಬಂದು ಮುಖ್ಯೋಪಾಧ್ಯಾಯರು ಉತ್ತರಿಸಬೇಕಾಗುತ್ತದೆಂಬ ಅಂಜಿಕೆಯೇ ಇದಕ್ಕೆ ಕಾರಣ. ಲೆಕ್ಕದ ಶಿಸ್ತು ಇಲ್ಲಿ ತಪ್ಪು ದಿಕ್ಕಿನಲ್ಲಿ ಕೆಲಸ ಮಾಡುತ್ತಿದೆ. ಯಂತ್ರಕ್ಕೆ ಸವಕಳಿಯನ್ನು ಒಪ್ಪುವಂತೆ ಮಕ್ಕಳ ಪುಸ್ತಕಕ್ಕೂ ಒಪ್ಪಬೇಕು. ಓದಿ ಹರಿದ ಪುಸ್ತಕವು ನಷ್ಟವಲ್ಲ, ಬಳಕೆ.

ನೆರವಿನ ಸ್ವರೂಪ

2013ರ ಕಂಪನಿ ಕಾಯಿದೆಯು ಸಾಮಾಜಿಕ ಹೊಣೆಯ ವೆಚ್ಚವನ್ನು ಕಡ್ಡಾಯಗೊಳಿಸಿದ್ದು ದೊಡ್ಡ ಕಂಪನಿಗಳಿಗೆ. ಸಣ್ಣ ಉದ್ಯಮಿಗಳು ಅದರ ವ್ಯಾಪ್ತಿಗೆ ಬಾರದಿದ್ದರೂ ಊರಿನ ಶಾಲೆಗೆ ಅವರ ದಾನ ಹಿಂದಿನಿಂದಲೂ ಹರಿದುಬಂದಿದೆ. ಆದರೆ ಅದು ಬಹುಪಾಲು ಸುಣ್ಣಬಣ್ಣ, ಬ್ಯಾಗು, ಸ್ಮಾರ್ಟ್ ಬೋರ್ಡುಗಳ ರೂಪದಲ್ಲಿರುತ್ತದೆ. ಫಲಕ ಹಾಕಲು ಇವು ಅನುಕೂಲವೇ ಹೊರತು ಓದಿಗೆ ಇವುಗಳಿಂದ ಎಷ್ಟು ಲಾಭವೆಂದು ಯಾರೂ ಲೆಕ್ಕ ಕೇಳುವುದಿಲ್ಲ.

ಮುಂಬಯಿ ಮತ್ತು ವಡೋದರಾಗಳಲ್ಲಿ ಪ್ರಥಮ್ ಸಂಸ್ಥೆಯು ಸ್ಥಳೀಯ ಯುವತಿಯರನ್ನು ನೇಮಿಸಿ, ಹಿಂದುಳಿದ ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸಿತು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ತಮ್ಮ ಸಹೋದ್ಯೋಗಿಗಳೊಂದಿಗೆ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಲಿಕೆ ಸ್ಪಷ್ಟವಾಗಿ ಏರಿತು. ಆದರೆ ಕಾರ್ಯಕ್ರಮ ನಿಂತ ಒಂದು ವರ್ಷದಲ್ಲಿ ಗಳಿಕೆ ಬಹುಮಟ್ಟಿಗೆ ಕರಗಿತ್ತು. ಇದರಿಂದ ಉದ್ಯಮಿಗಳು ಗ್ರಹಿಸಬೇಕಾದ ಪಾಠಗಳು ಎರಡು: ನೆರವು ಮಗುವಿನ ಮಟ್ಟಕ್ಕೆ ತಕ್ಕುದಾಗಿರಬೇಕು, ಮತ್ತು ಒಂದು ಸಮಾರಂಭಕ್ಕೆ ಮುಗಿಯದೆ ವರ್ಷಾನುಗಟ್ಟಲೆ ನಡೆಯಬೇಕು.

ಆದ್ದರಿಂದ ಪ್ರತಿಯೊಂದು ಕೈಗಾರಿಕಾ ಬಡಾವಣೆಯ ಸದಸ್ಯರು ಸೇರಿ ಸಮೀಪದ ಒಂದು ಶಾಲೆಯನ್ನು ಕನಿಷ್ಠ ಮೂರು ವರ್ಷಗಳ ಕಾಲ ಬೆಂಬಲಿಸುವುದು ಯೋಗ್ಯ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ ಕಥೆಪುಸ್ತಕಗಳು, ಹೊಸ ಕಾರ್ಡುಗಳು, ಸಂಜೆಯ ಓದಿಗೆ ಒಬ್ಬ ಸಹಾಯಕಿಯ ಗೌರವಧನ ಇವುಗಳನ್ನು ಒದಗಿಸಬಹುದು. ಪುಸ್ತಕ ಕಳೆದರೆ ದಾನಿಗಳೇ ಭರಿಸುವುದಾಗಿ ಬರೆದುಕೊಟ್ಟರೆ ಬೀರುವಿನ ಬೀಗವೂ ತೆರೆಯುತ್ತದೆ. ಪ್ರತಿಯಾಗಿ ಕೇಳಬೇಕಾದುದು ಫಲಕವನ್ನಲ್ಲ, ಒಂದು ಹಾಳೆಯ ತಃಖ್ತೆಯನ್ನು: ಜೂನ್‌ನಲ್ಲಿ ಎಷ್ಟು ಮಕ್ಕಳು ಅಕ್ಷರ, ಪದ, ವಾಕ್ಯ, ಕಥೆ ಓದುತ್ತಿದ್ದರು, ಮಾರ್ಚ್‌ನಲ್ಲಿ ಎಷ್ಟು ಮಂದಿ ಓದುತ್ತಾರೆ? ಆರಂಭ ಶಿಲ್ಕು, ಅಖೈರು ಶಿಲ್ಕು ನೋಡದೆ ವರ್ಷದ ಲೆಕ್ಕ ಮುಗಿಸದ ವರ್ತಕ ಸಮುದಾಯಕ್ಕೆ ಈ ತಃಖ್ತೆ ಓದುವುದು ಕಷ್ಟವೇನಲ್ಲ.