ಆ ಅಜ್ಜ ಸುಮ್ಮನೆ ಗೊಣಗುತ್ತಿಲ್ಲ

ನಮ್ಮ ಕೃಷಿ ಪಂಡಿತರಿಗೆ ಒಂದು ಹಳೆಯ ಚಟವಿದೆ. ನಾವು ಬೆಲೆ ಕೇಳಿದಾಗ, ಸಾಲದ ಮಾತೆತ್ತಿದಾಗ ಅವರು ಆಸ್ಟ್ರೇಲಿಯಾದ ಕಡೆ ಕೈ ತೋರಿಸುತ್ತಾರೆ. ಅಲ್ಲಿನ ರೈತ ಸಾವಿರಾರು ಎಕರೆ ಉಳುತ್ತಾನಂತೆ, ಸಬ್ಸಿಡಿಗೆ ಕೈ ಚಾಚುವುದಿಲ್ಲವಂತೆ, ಮುಕ್ತ ಮಾರುಕಟ್ಟೆಯಲ್ಲಿ ಎದೆಯೊಡ್ಡಿ ಗೆಲ್ಲುತ್ತಾನಂತೆ. ಸರಿ ಸ್ವಾಮಿ, ನೋಡಿಯೇ ಬಿಡೋಣ. ಆದರೆ ನಿಮ್ಮ ವರದಿಗಳಲ್ಲಿ ಬೇಡ. ನ್ಯೂ ಸೌತ್ ವೇಲ್ಸ್‌ನದೋ ವಿಕ್ಟೋರಿಯಾದ್ದೋ ಗೋಧಿ-ಕುರಿ ಸೀಮೆಯ ಒಂದು ಸಣ್ಣ ಊರಲ್ಲಿ, ಕುರಿಸಂತೆಯ ಬೇಲಿಗೆ ಒರಗಿ ನಿಂತ ಎಪ್ಪತ್ತು ದಾಟಿದ ಅಜ್ಜನ ಬಾಯಿಂದಲೇ ಕೇಳೋಣ. ಇಂಥ ಅಜ್ಜಂದಿರಿಗೆ ಅಲ್ಲಿ ಬರವಿಲ್ಲ. 2021ರ ಜನಗಣತಿಯ ಪ್ರಕಾರ ಆ ದೇಶದ ರೈತರಲ್ಲಿ ಅರ್ಧದಷ್ಟು ಮಂದಿ 58 ದಾಟಿದವರು.

ಅಜ್ಜ ಮಾತಿಗೆ ನಿಂತರೆ ಮೊದಲು ಮಳೆ. ಆಮೇಲೆ ಡೀಸೆಲ್ ರೇಟು. ಆಮೇಲೆ ಮುಚ್ಚಿಹೋದ ಬ್ಯಾಂಕಿನ ಶಾಖೆ, ಊರಿಗೆ ಬಾರದ ಡಾಕ್ಟರು, ಆಡುವ ಹುಡುಗರಿಲ್ಲದೆ ಪಕ್ಕದೂರಿನ ತಂಡಕ್ಕೆ ಸೇರಿಹೋದ ಫುಟ್‌ಬಾಲ್ ಕ್ಲಬ್ಬು. ಕಡೆಗೆ ಕ್ಯಾನ್‌ಬೆರಾದ ಮಂತ್ರಿಗಳಿಗೆ ಒಂದಿಷ್ಟು ಬೈಗುಳ. ಸಿಡ್ನಿ, ಮೆಲ್ಬರ್ನಿನ ಜನ ಇದಕ್ಕೆ ನಗುತ್ತಾರೆ. ರೈತ ಎಂದರೆ ಗೊಣಗುವವನು ಅನ್ನುವುದು ಅಲ್ಲಿ ಮಾಮೂಲಿ ಹಾಸ್ಯ. ನಾನು ಹೇಳುವುದಿಷ್ಟು: ಆ ಗೊಣಗಾಟವನ್ನು ಒಂದೊಂದಾಗಿ ಬಿಡಿಸಿ ನೋಡಿ. ಅದರಲ್ಲಿ ನಲವತ್ತು ವರ್ಷದ ಸಾಲದ ಲೆಕ್ಕ ಇದೆ.

"ಬ್ಯಾಂಕಿನವನು ಬಿಸಿಲಿದ್ದಾಗ ಕೊಡೆ ಕೊಟ್ಟು ಮಳೆ ಬಂದಾಗ ಕಸ್ಕೋತಾನೆ" ಅನ್ನುವಂಥ ಮಾತು ಈ ಅಜ್ಜನ ನಾಲಿಗೆ ತುದಿಯಲ್ಲೇ ಇರುತ್ತದೆ. ಯಾಕೆ? 1983ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಸರ್ಕಾರ ಡಾಲರನ್ನು ಮಾರುಕಟ್ಟೆಗೆ ಬಿಟ್ಟಿತು, ಬ್ಯಾಂಕುಗಳ ಮೂಗುದಾರ ಬಿಚ್ಚಿತು. ಸಾಲ ಕೊಡಲು ಪೈಪೋಟಿಗೆ ಬಿದ್ದ ಬ್ಯಾಂಕುಗಳು ಅಗ್ಗದ ಬಡ್ಡಿಯ ಆಸೆ ತೋರಿಸಿ ಎಷ್ಟೋ ರೈತರಿಗೆ ಸ್ವಿಸ್ ಫ್ರಾಂಕಿನಲ್ಲಿ ಸಾಲ ಹಚ್ಚಿದವು. 1985-86ರಲ್ಲಿ ಡಾಲರ್ ಕುಸಿಯಿತು. ಒಂದು ಕಾಸೂ ಹೆಚ್ಚಿಗೆ ತರದ ಮನುಷ್ಯನ ಸಾಲ ಕೂತಲ್ಲೇ ಉಬ್ಬಿತು! ಕುರಿ ಕಾಯುವವನಿಗೂ ಸ್ವಿಟ್ಜರ್ಲೆಂಡಿನ ನಾಣ್ಯಕ್ಕೂ ಏನ್ರೀ ಸಂಬಂಧ? 1985ರ ಜುಲೈ ಮೊದಲ ದಿನ ಸುಮಾರು 40 ಸಾವಿರ ರೈತರು ಕ್ಯಾನ್‌ಬೆರಾದ ಪಾರ್ಲಿಮೆಂಟಿನ ಮುಂದೆ ನಿಂತದ್ದು ಸುಮ್ಮನೆ ಅಲ್ಲ. ಅದಾದ ನಾಲ್ಕೈದು ವರ್ಷಕ್ಕೆ ಬಡ್ಡಿ ದರ ಏರಿ, ಅನೇಕ ರೈತರು ಕೊಡಬೇಕಾದ ಬಡ್ಡಿ ನೂರಕ್ಕೆ 20 ದಾಟಿತು.

ಆಗ ಪಂಡಿತರು ಕೊಟ್ಟ ಉಪದೇಶ ಒಂದೇ: ದೊಡ್ಡವನಾಗು, ಇಲ್ಲವೇ ಜಾಗ ಖಾಲಿ ಮಾಡು. ಅಜ್ಜ ದೊಡ್ಡವನಾದ. ಸೋತ ನೆರೆಯವನ ಜಮೀನನ್ನು ಸಾಲ ಮಾಡಿ ಕೊಂಡ. ಅಷ್ಟು ಜಮೀನಿಗೆ ದೊಡ್ಡ ಯಂತ್ರ ಬೇಕು, ಅದಕ್ಕೂ ಸಾಲ. ಇವತ್ತು ಅಲ್ಲಿ ಗೋಧಿ ಕೊಯ್ಯುವ ದೊಡ್ಡ ಯಂತ್ರಕ್ಕೆ ಹತ್ತಿರ ಹತ್ತಿರ 10 ಲಕ್ಷ ಡಾಲರ್. ಆ ದೇಶದ ಒಟ್ಟು ಕೃಷಿ ಸಾಲ 10 ಸಾವಿರ ಕೋಟಿ ಡಾಲರಿಗೂ ಮಿಕ್ಕಿದೆ. ಸಬ್ಸಿಡಿ ಇಲ್ಲ ಎಂಬ ಮಾತು ನಿಜವೇ. ಮುಂದುವರಿದ ದೇಶಗಳಲ್ಲಿ ರೈತನಿಗೆ ತೀರಾ ಕಡಿಮೆ ನೆರವು ಕೊಡುವ ಸರ್ಕಾರಗಳಲ್ಲಿ ಅದೂ ಒಂದು. ಸಬ್ಸಿಡಿ ಇರಬೇಕಾದ ಕಡೆ ಏನಿದೆ ಎಂಬುದನ್ನು ಮಾತ್ರ ಪಂಡಿತರು ಹೇಳುವುದಿಲ್ಲ. ಅಲ್ಲಿ ಇರುವುದು ಸಾಲ.

ಉಣ್ಣೆಯ ಕತೆ ಕೇಳಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬೆಂಬಲ ಬೆಲೆ ಬೇಡ ಅನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಎಪ್ಪತ್ತರ ದಶಕದಿಂದ ಅಲ್ಲಿ ಉಣ್ಣೆಗೆ ಕನಿಷ್ಠ ಬೆಲೆ ಇತ್ತು. ಹರಾಜಿನಲ್ಲಿ ಅದಕ್ಕಿಂತ ಕೆಳಗೆ ಹೋದರೆ ಉಣ್ಣೆ ನಿಗಮವೇ ಕೊಳ್ಳುತ್ತಿತ್ತು. ಅದಕ್ಕೆ ಬೆಳೆಗಾರರೇ ವಂತಿಗೆ ಕಟ್ಟುತ್ತಿದ್ದರು. ಹದಿನೈದು ವರ್ಷ ಚೆನ್ನಾಗಿಯೇ ನಡೆಯಿತು. ಎಂಬತ್ತರ ದಶಕದ ಕೊನೆಗೆ ಧಾರಣೆ ಮೇಲೇರಿದ ಅಮಲಿನಲ್ಲಿ ಕನಿಷ್ಠ ಬೆಲೆಯನ್ನು ಕಿಲೋಗೆ 870 ಸೆಂಟಿಗೆ ಏರಿಸಿದರು. ಆಗ ಸೋವಿಯತ್ ಒಕ್ಕೂಟ, ಚೀನಾ ಕೊಳ್ಳುವುದನ್ನು ತಗ್ಗಿಸಿದವು. ಉಗ್ರಾಣ ತುಂಬುತ್ತಾ ಹೋಯಿತು. 1990ರಲ್ಲಿ ಬೆಲೆಯನ್ನು 700ಕ್ಕೆ ಇಳಿಸಿದರು, 1991ರ ಫೆಬ್ರವರಿಯಲ್ಲಿ ಕನಿಷ್ಠ ಬೆಲೆಯನ್ನೇ ಕಿತ್ತುಹಾಕಿದರು. ಉಗ್ರಾಣದಲ್ಲಿ ಆಗ 47 ಲಕ್ಷ ಬೇಲು ಉಣ್ಣೆ. ಅದು ಪೂರ್ತಿ ಕರಗಿದ್ದು 2001ರಲ್ಲಿ. ಸಾಕಲಾರದೆ, ಮಾರಲಾರದೆ ರೈತರು ಕೋಟಿಗೂ ಹೆಚ್ಚು ಕುರಿಗಳನ್ನು ಗುಂಡಿ ತೋಡಿ ಗುಂಡಿಕ್ಕಿ ಹೂತರು. ಅಜ್ಜ ಎಲ್ಲದರ ಬಗ್ಗೆ ಮಾತಾಡುತ್ತಾನೆ, ಆ ಗುಂಡಿಯ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ.

ಹಾಗಾದರೆ ಕನಿಷ್ಠ ಬೆಲೆಯೇ ತಪ್ಪೇ? ಅಲ್ಲ. ಕೊಳ್ಳುವವನ ಶಕ್ತಿ ನೋಡದೆ ಏರಿಸಿದ್ದು ತಪ್ಪು, ಇದರಲ್ಲಿ ಬೆಳೆಗಾರರ ಮುಖಂಡರ ಪಾಲೂ ಇದೆ. ಏರಿಸಿದ ಮೇಲೆ ರೈತನನ್ನು ನಡುನೀರಿನಲ್ಲಿ ಬಿಟ್ಟು ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ಏಣಿ ಎತ್ತರವಾಯಿತೆಂದು ಮೇಲೆ ನಿಂತವನಿರುವಾಗಲೇ ಅದನ್ನು ಎಳೆಯುತ್ತಾರೇನ್ರೀ?

ಹಾಲಿಗೂ ಅದೇ ಗತಿ. 2000ದ ಜುಲೈ 1ರಂದು ಹಾಲಿನ ಬೆಲೆಯ ಮೇಲಿದ್ದ ಎಲ್ಲ ರಕ್ಷಣೆ ತೆಗೆದರು. ಹೈನು ಬಿಟ್ಟು ಹೋಗುವವರಿಗೂ ಉಳಿಯುವವರಿಗೂ ಪರಿಹಾರ ಕೊಡಲು ಗ್ರಾಹಕರ ಮೇಲೆ ಲೀಟರಿಗೆ 11 ಸೆಂಟು ತೆರಿಗೆ ಹಾಕಿದರು. 2011ರ ಜನವರಿಯಲ್ಲಿ ಕೋಲ್ಸ್ ಎಂಬ ಸೂಪರ್‌ಮಾರ್ಕೆಟ್ ಲೀಟರಿಗೆ ಒಂದೇ ಡಾಲರ್ ಎಂದು ಬೋರ್ಡು ಹಾಕಿತು, ಉಳಿದವರೂ ಹಿಂಬಾಲಿಸಿದರು. ಎಂಟು ವರ್ಷ ಆ ಬೆಲೆ ಕದಲಲಿಲ್ಲ. ಬಾಟಲಿ ನೀರಿಗಿಂತ ಹಾಲು ಅಗ್ಗ ಅಂತ ಅಜ್ಜ ಹಲ್ಲು ಕಡಿದದ್ದು ಆಗಲೇ. 2016ರಲ್ಲಿ ರೈತರದೇ ಸಹಕಾರಿ ಸಂಸ್ಥೆಯಾದ ಮರ್ರೆ ಗೋಲ್ಬರ್ನ್ ವರ್ಷದ ಕೊನೆಗೆ ಬೆಲೆ ಕತ್ತರಿಸಿ, ಹಿಂದೆ ಕೊಟ್ಟದ್ದು ಹೆಚ್ಚಾಯಿತು ವಾಪಸ್ ತುಂಬಿ ಎಂದಿತು. ಎರಡು ವರ್ಷದಲ್ಲಿ ಆ ಸಹಕಾರಿಯೇ ಕೆನಡಾದ ಕಂಪನಿಗೆ ಮಾರಿಹೋಯಿತು. 1980ರಲ್ಲಿ ಸುಮಾರು 22 ಸಾವಿರ ಹೈನುಗಾರರಿದ್ದ ದೇಶದಲ್ಲಿ ಈಗ 5 ಸಾವಿರವೂ ಇಲ್ಲ.

ಗೋಧಿಯದು ಇನ್ನೊಂದು ಬಗೆ. 1939ರಲ್ಲಿ ಹುಟ್ಟಿದ ಗೋಧಿ ಮಂಡಳಿ ದೇಶದ ರಫ್ತು ಗೋಧಿಯನ್ನೆಲ್ಲ ಒಂದೇ ಕೈಯಿಂದ ಮಾರುತ್ತಿತ್ತು. 1999ರಲ್ಲಿ ಅದನ್ನು ಕಂಪನಿ ಮಾಡಿದರು. ಆ ಕಂಪನಿಯ ಸಾಹೇಬರು ಇರಾಕಿನ ಸದ್ದಾಂ ಸರ್ಕಾರಕ್ಕೆ 29 ಕೋಟಿ ಡಾಲರಿನಷ್ಟು ಗುಪ್ತ ಕಾಣಿಕೆ ಸಲ್ಲಿಸಿದ್ದು 2006ರ ವಿಚಾರಣಾ ವರದಿಯಲ್ಲಿ ಬಯಲಾಯಿತು. ತಪ್ಪು ಸಾಹೇಬರದು, 2008ರಲ್ಲಿ ರಫ್ತಿನ ಹಕ್ಕು ಕಳೆದುಕೊಂಡವರು ರೈತರು. ಕಂಪನಿಯ ಧಾನ್ಯ ವ್ಯಾಪಾರ ಕೊನೆಗೆ ಸೇರಿದ್ದು ಅಮೆರಿಕದ ಕಾರ್ಗಿಲ್ ಕೈಗೆ. ಆ ಹೆಸರು ನಮಗೇನೂ ಹೊಸದಲ್ಲ, 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಅದರ ಕಚೇರಿಗೆ ನುಗ್ಗಿದವರು ನಿಮ್ಮಲ್ಲಿ ಕೆಲವರು ಇದ್ದೀರಿ.

ಇಷ್ಟೆಲ್ಲ ಕಂಡ ಅಜ್ಜ ಮತ ಹಾಕುವಾಗ ಏನು ಮಾಡಿದ? ಇಲ್ಲಿ ನನಗೆ ಅವನ ಮೇಲೆ ಸಿಟ್ಟಿದೆ. ಅಲ್ಲಿ ಮತದಾನ ಕಡ್ಡಾಯ, ಹಾಕದಿದ್ದರೆ 20 ಡಾಲರ್ ದಂಡ. ಶನಿವಾರ ಶಾಲೆಯ ಅಂಗಳಕ್ಕೆ ಹೋಗಿ, ಮಕ್ಕಳ ತಾಯ್ತಂದೆಯರು ಸುಟ್ಟು ಮಾರುವ ಸಾಸೇಜು ತಿಂದು, "ಎಲ್ಲರೂ ಒಂದೇ ಕಳ್ಳರು" ಎಂದು ಗೊಣಗಿ, ಅಪ್ಪ ಹಾಕಿದ ಪಕ್ಷಕ್ಕೇ ಹಾಕಿ ಬರುತ್ತಾನೆ. ಅದು 1920ರಲ್ಲಿ ರೈತರ ಹೆಸರಿನಲ್ಲಿ ಹುಟ್ಟಿದ ಕಂಟ್ರಿ ಪಾರ್ಟಿ, ಈಗಿನ ನ್ಯಾಷನಲ್ ಪಾರ್ಟಿ. ಹಾಲಿನ ರಕ್ಷಣೆ ತೆಗೆದಾಗ ಕೇಂದ್ರದಲ್ಲಿ ಕೃಷಿ ಮಂತ್ರಿಯಾಗಿದ್ದ ವಾರೆನ್ ಟ್ರಸ್ ಆ ಪಕ್ಷದವರೇ. ಆ ಪಕ್ಷ ಪಾಲುದಾರನಾಗಿದ್ದ ಸರ್ಕಾರವೇ ಜಮೀನಿನಿಂದ ನೀರಿನ ಹಕ್ಕನ್ನು ಬೇರ್ಪಡಿಸಿ ಸಂತೆಗಿಡುವುದಕ್ಕೆ 2004ರಲ್ಲಿ ರಾಜ್ಯಗಳೊಡನೆ ಒಪ್ಪಂದ ಮಾಡಿಕೊಂಡಿತು. ಇವತ್ತು ಮರ್ರೆ ನದಿಯ ನೀರಿನ ಹಕ್ಕನ್ನು ಒಂದು ಗುಂಟೆ ಉಳದ ಹಣದ ಕಂಪನಿಯೂ ಕೊಳ್ಳಬಹುದು.

ಅಜ್ಜನನ್ನು ಬೇರೆ ಕಡೆ ನೋಡುವಂತೆ ಮಾಡಲು ಆ ಪಕ್ಷಕ್ಕೆ ಯಾವಾಗಲೂ ಒಂದು ಬೆದರುಗೊಂಬೆ ಸಿಗುತ್ತದೆ. 1996ರಲ್ಲಿ ವಿಕ್ ಮೊಕದ್ದಮೆಯ ತೀರ್ಪು ಬಂದಾಗ ಮೂಲನಿವಾಸಿಗಳು ನಿಮ್ಮ ಗೋಮಾಳ ಕಸಿಯುತ್ತಾರೆ ಎಂದು ಹಳ್ಳಿಹಳ್ಳಿಯಲ್ಲಿ ಭಯ ಬಿತ್ತಿದರು. ತೀರ್ಪಿನಲ್ಲಿ ಇದ್ದದ್ದು ಏನು? ಎರಡು ಹಕ್ಕುಗಳು ಡಿಕ್ಕಿ ಹೊಡೆದರೆ ಗುತ್ತಿಗೆ ಹಿಡಿದ ಪಶುಪಾಲಕನದೇ ಮೇಲು ಎಂದು. ಮುತ್ತಾತನ ಕಾಲದಲ್ಲಿ ಯಾರದೋ ನೆಲಕ್ಕೆ ಬೇಲಿ ಹಾಕಿದ್ದನ್ನು ಮರೆತ ಅಜ್ಜ, ನೆಲ ಕಳೆದುಕೊಂಡವನಿಗೇ ಹೆದರಿ ಕೂತ. ಅವನ ಜಮೀನಿನ ಪತ್ರ ಅಡ ಇದ್ದದ್ದು ಬ್ಯಾಂಕಿನಲ್ಲಿ.

ಗೊಣಗಾಟಕ್ಕೆ ಹಲ್ಲು ಬಂದದ್ದೂ ಉಂಟು. 2013ರಲ್ಲಿ ವಿಕ್ಟೋರಿಯಾದ ಇಂಡಿ ಕ್ಷೇತ್ರದ ಹಳ್ಳಿಯವರು ಮನೆಮನೆಯ ಅಡುಗೆಮನೆಯಲ್ಲಿ ಕೂತು ಚರ್ಚಿಸಿ, ಯಾವ ಪಕ್ಷವೂ ಬೇಡವೆಂದು ಕ್ಯಾಥಿ ಮೆಕ್‌ಗೋವನ್ ಅವರನ್ನು 439 ಮತದಿಂದ ಗೆಲ್ಲಿಸಿದರು. 2017ರಲ್ಲಿ, ಬ್ಯಾಂಕುಗಳ ವಿಚಾರಣೆ ಬೇಡವೇ ಬೇಡ ಎನ್ನುತ್ತಿದ್ದ ಸರ್ಕಾರದ ವಿರುದ್ಧ ಮತ ಹಾಕುತ್ತೇವೆಂದು ನ್ಯಾಷನಲ್ ಪಕ್ಷದ ಕೆಲವು ಜನ ಹಳ್ಳಿ ಸದಸ್ಯರು ಎದ್ದು ನಿಂತ ಕೂಡಲೇ ಪ್ರಧಾನಿ ಟರ್ನ್‌ಬುಲ್ ಮಣಿದರು. ಹೇನ್ ಆಯೋಗ ಕೂತಿತು. ಬರ ಬಿದ್ದ ಸೀಮೆಯ ರೈತನ ಮೇಲೆ ದಂಡದ ಬಡ್ಡಿ ಹಾಕಬಾರದು, ಜಪ್ತಿಗೆ ಮೊದಲು ಮಧ್ಯಸ್ಥರ ಮುಂದೆ ಕೂರಬೇಕು ಎಂದು 2019ರಲ್ಲಿ ಬರೆಯಿತು. ನಲವತ್ತು ವರ್ಷದ ಗೊಣಗಾಟದಿಂದ ಆಗದ್ದು ಕೆಲವೇ ಮತದ ಬೆದರಿಕೆಗೆ ಆಯಿತು.

ಈಗ ಈ ಅಜ್ಜ ನಿಮ್ಮನ್ನೂ ಬೈದಿದ್ದಾನೆ, ಅದನ್ನೂ ಕೇಳಿಬಿಡಿ. ಅವನ ಸೀಮೆಯಲ್ಲಿ ಬೆಳೆಯುವ ಕಡಲೆ ಬಹುಪಾಲು ನಮ್ಮಂಥ ದೇಶಗಳಿಗೇ. 2017ರ ಡಿಸೆಂಬರಿನಲ್ಲಿ, ಅವನ ಸುಗ್ಗಿ ಮುಗಿಯುವ ಹೊತ್ತಿಗೆ, ದಿಲ್ಲಿ ಸರ್ಕಾರ ಏಕಾಏಕಿ ಕಡಲೆಯ ಮೇಲೆ ನೂರಕ್ಕೆ 30 ಆಮದು ಸುಂಕ ಹಾಕಿತು, ಕೆಲವೇ ತಿಂಗಳಲ್ಲಿ 60ಕ್ಕೆ ಏರಿಸಿತು. ಹಡಗು ಸಮುದ್ರದಲ್ಲಿದ್ದಾಗಲೇ ಧಾರಣೆ ಬಿತ್ತು. 'ಇಂಡಿಯಾದವರು ಮುಳುಗಿಸಿದರು' ಅಂದ. 2024ರ ಮೇ ತಿಂಗಳಲ್ಲಿ ಅದೇ ದಿಲ್ಲಿ ಸುಂಕವನ್ನು ಸೊನ್ನೆಗಿಳಿಸಿತು, ಅವನ ಕಡಲೆ ಮತ್ತೆ ನಮ್ಮ ಬಂದರಿಗೆ ಬಂತು. ಆಗ 'ಆಸ್ಟ್ರೇಲಿಯಾದವನು ಮುಳುಗಿಸಿದ' ಅನ್ನುವ ಸರದಿ ಗದಗ, ಕಲಬುರಗಿಯ ಎರೆಹೊಲದವರದು. ಎರಡು ಸಲವೂ ಸುಂಕದ ಆದೇಶ ಹೊರಟದ್ದು ದಿಲ್ಲಿಯಿಂದ. ಎರಡು ಸಲವೂ ಅಜ್ಜನನ್ನು ಯಾರೂ ಕೇಳಲಿಲ್ಲ, ಗದಗಿನವನನ್ನೂ ಕೇಳಲಿಲ್ಲ.