ಊನೋದರವನ್ನು ಮರೆತ ಉಪವಾಸ

ಹೊಸಪೇಟೆಯ ಜೈನ ಮನೆತನಗಳಲ್ಲಿ ದೇಹದ ತೂಕವನ್ನು ಕುರಿತು ಇಂದು ಮೂರು ಮಾತುಗಳು ಪ್ರಚಲಿತವಾಗಿವೆ. ಕಂದಮೂಲ ಮುಟ್ಟದವರಿಗೆ ಬೊಜ್ಜೇಕೆ ಬಂದೀತು ಎಂಬುದು ಹಿರಿಯರ ಮಾತು. ಮೊಟ್ಟೆ ತಿನ್ನದೆ ಬೊಜ್ಜು ಕರಗದು ಎಂಬುದು ವ್ಯಾಯಾಮಶಾಲೆಯಿಂದ ಮರಳಿದ ತರುಣರ ಮಾತು. ಇವರಿಬ್ಬರಿಗೂ ರಾಜಿ ಮಾಡಿಸಲು ಹೊರಟ ಉಪನ್ಯಾಸಕರು, ರಾತ್ರಿಭೋಜನ ತ್ಯಾಗವೇ ತೂಕ ಇಳಿಸುವ ವಿಜ್ಞಾನವೆಂದೂ ಪಾಶ್ಚಾತ್ಯರು ಅದನ್ನು ಈಗ ಒಪ್ಪಿದ್ದಾರೆಂದೂ ವೇದಿಕೆಯಿಂದ ಸಾರುತ್ತಾರೆ. ಮೂರು ಮಾತುಗಳೂ ತಪ್ಪು. ಮೂರನೆಯದಂತೂ ಧರ್ಮಕ್ಕೂ ಹಾನಿಕರ.

ಮೊದಲ ಮಾತನ್ನು ಪರಿಶೀಲಿಸೋಣ. ಸಕ್ಕರೆ, ಮೈದಾ, ತುಪ್ಪ, ಕರಿದ ಎಣ್ಣೆ ಇವೆಲ್ಲವೂ ಶುದ್ಧ ಸಸ್ಯಾಹಾರವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ, ನೂರು ಮಂದಿ ವಯಸ್ಕರಲ್ಲಿ ಸುಮಾರು 39 ಮಂದಿಗೆ ಹೊಟ್ಟೆಯ ಬೊಜ್ಜು. ಗಲ್ಲೆಯ ಮುಂದೆ ಹತ್ತು ಗಂಟೆ ಕೂರುವ ವರ್ತಕನಿಗೆ ಇದರಿಂದ ವಿನಾಯಿತಿ ಕೊಟ್ಟವರಾರು? ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವವನು ಉಣ್ಣುವ ಅನ್ನವನ್ನೇ ಇವನೂ ಉಣ್ಣುತ್ತಾನೆ. ಮೇಲೆ ತುಪ್ಪ ಹೆಚ್ಚು, ಬೆವರು ಕಡಿಮೆ. ಸಂಡೂರಿನ ಏರುದಾರಿಯನ್ನು ಅಜ್ಜ ಕಾಲ್ನಡಿಗೆಯಲ್ಲಿ ಹತ್ತಿದ್ದರೆ ಮೊಮ್ಮಗ ವಾಹನದಲ್ಲಿ ಹತ್ತುತ್ತಾನೆ. ಊಟದ ಪ್ರಮಾಣ ಮಾತ್ರ ಅಜ್ಜನದೇ. ಒಂದು ಗ್ರಾಂ ತುಪ್ಪದಲ್ಲಿ 9 ಕ್ಯಾಲೊರಿ; ನಾಲ್ಕು ಸಣ್ಣ ಚಮಚ, ಎಂದರೆ 20 ಗ್ರಾಂ, ತುಪ್ಪದಲ್ಲಿ 180. ಇದನ್ನು ಕಳೆಯಲು ಸುಮಾರು ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು. ಜಮಾ ಮಾಡುವುದು ಸುಲಭ, ಖರ್ಚು ಮಾಡುವುದು ಕಷ್ಟ ಎಂಬ ಈ ವಿಚಿತ್ರ ಖಾತೆಯನ್ನು ವ್ಯಾಪಾರಸ್ಥರೇ ಅರಿಯದಿದ್ದರೆ ಹೇಗೆ?

ತರುಣರ ಮಾತಿನಲ್ಲಿ ಅರ್ಧ ಸತ್ಯವಿದೆ. ತೂಕ ಇಳಿಸುವವರಿಗೆ ಸಾಕಷ್ಟು ಪ್ರೋಟೀನು ಬೇಕು. ಅದು ಹಸಿವನ್ನು ತಡೆಯುತ್ತದೆ, ಸ್ನಾಯುವನ್ನು ಕಾಯುತ್ತದೆ. ಆದರೆ 50 ಗ್ರಾಂ ಹೆಸರುಕಾಳಿನಲ್ಲಿ ಎರಡು ಮೊಟ್ಟೆಗಳಷ್ಟೇ, ಸುಮಾರು 12 ಗ್ರಾಂ, ಪ್ರೋಟೀನು ಇದೆ. ಪಚನಗುಣದ ಅಲ್ಪ ಕೊರತೆಯನ್ನು ಜೊತೆಗಿನ ಧಾನ್ಯ, ಹಾಲು ತುಂಬಿಕೊಡುತ್ತವೆ. ಬೇಳೆಯ ತಿಳಿಯನ್ನಷ್ಟೇ ಬಡಿಸಿ ಅನ್ನದ ರಾಶಿ ಹಾಕುವ ಅಡುಗೆಮನೆಯೇ ತರುಣನನ್ನು ಮೊಟ್ಟೆಯ ಅಂಗಡಿಗೆ ಅಟ್ಟುತ್ತಿದೆ. ಆಮೇಲೆ ಅವನನ್ನು ಧರ್ಮಭ್ರಷ್ಟನೆಂದು ಜರಿಯುವುದು ಯಾವ ನ್ಯಾಯ?

ಅನ್ನ ಬಿಡಬೇಕೋ ಎಣ್ಣೆ ಬಿಡಬೇಕೋ ಎಂಬ ವಾದಕ್ಕೂ ಉತ್ತರ ದೊರೆತಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಜಿಡ್ಡು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಇರುವ ಆಹಾರ ಸೂಚಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ: ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 5.3 ಕಿಲೊ, ಎರಡನೆಯದು 6 ಕಿಲೊ ಇಳಿದಿತ್ತು, ಗಣನೀಯ ಅಂತರವಿಲ್ಲ. ಪಥ್ಯದ ಹೆಸರಿಗಿಂತ ಒಟ್ಟು ಪ್ರಮಾಣ ಮುಖ್ಯ. ಅದನ್ನು ವರ್ಷಗಟ್ಟಲೆ ಪಾಲಿಸುವ ಸಾಮರ್ಥ್ಯ ಇನ್ನೂ ಮುಖ್ಯ.

ಇನ್ನು ಮೂರನೆಯ ಮಾತು. ಚೀನಾದ ಗುವಾಂಗ್‌ಝೌ ನಗರದಲ್ಲಿ 139 ಮಂದಿ ಸ್ಥೂಲಕಾಯರಿಗೆ ಸಮಾನವಾಗಿ ಮಿತಾಹಾರ ವಿಧಿಸಿ, ಅರ್ಧದಷ್ಟು ಮಂದಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಬೇಕೆಂಬ ನಿಯಮ ಹಾಕಲಾಯಿತು. 2022ರಲ್ಲಿ ವರದಿಯಾದಂತೆ, ಒಂದು ವರ್ಷದಲ್ಲಿ ಇವರು ಸರಾಸರಿ 8 ಕಿಲೊ, ಉಳಿದವರು 6.3 ಕಿಲೊ ಇಳಿದರು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಅಂತರ ಗಣ್ಯವಲ್ಲ. ಕೆಲಸ ಮಾಡಿದ್ದು ಮಿತಾಹಾರವೇ ಹೊರತು ಗಡಿಯಾರವಲ್ಲ. ಸೂರ್ಯಾಸ್ತಕ್ಕೆ ಹತ್ತು ನಿಮಿಷ ಮೊದಲು ಅವಸರದಿಂದ ಎರಡು ಹೊತ್ತಿನ ಊಟ ಮುಗಿಸುವವನಿಗೆ ಚೌವಿಹಾರದಿಂದ ತೂಕ ಇಳಿಯದು.

ಹಾಗಾದರೆ ವ್ರತ ನಿರರ್ಥಕವೆ? ಖಂಡಿತ ಅಲ್ಲ. ರಾತ್ರಿಭೋಜನ ತ್ಯಾಗದ ಮೂಲ ಜೀವದಯೆ. ಕತ್ತಲೆಯಲ್ಲಿ ಅಳಿಯುವ ಸೂಕ್ಷ್ಮಜೀವಿಗಳ ಮೇಲಿನ ಕರುಣೆಗೆ ತೂಕದ ಯಂತ್ರದ ಪ್ರಮಾಣಪತ್ರ ಬೇಕಿಲ್ಲ. ಸೊಂಟದ ಸುತ್ತಳತೆಗಾಗಿ ವ್ರತ ಹಿಡಿದವನು ಸುತ್ತಳತೆ ಇಳಿಯದಿದ್ದರೆ ವ್ರತವನ್ನೇ ಬಿಡುತ್ತಾನೆ. ಧರ್ಮವನ್ನು ಔಷಧದಂತೆ ಮಾರುವವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಆದರೂ ಆಗಮದ ಮಾರ್ಗದಲ್ಲಿ ಒಂದು ನಿಯಮ ಈ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತದೆ. ಉಭಯ ಸಂಪ್ರದಾಯಗಳೂ ಮಾನ್ಯಮಾಡುವ ತತ್ತ್ವಾರ್ಥಸೂತ್ರವು ಆರು ಬಾಹ್ಯ ತಪಸ್ಸುಗಳನ್ನು ಹೇಳುವಾಗ ಅನಶನದ ಬೆನ್ನಿಗೇ ಅವಮೌದರ್ಯವನ್ನು, ಎಂದರೆ ಊನೋದರವನ್ನು, ಇರಿಸಿದೆ. ಹಸಿವಿಗಿಂತ ಕಡಿಮೆ ಉಣ್ಣುವುದೇ ಅದು. ನಾಲ್ಕನೆಯದು ತುಪ್ಪ, ಎಣ್ಣೆ, ಸಿಹಿ ಮೊದಲಾದ ರಸಗಳ ಪರಿತ್ಯಾಗ. ಸಮಾಜವು ಅನಶನಕ್ಕೆ ಮೆರವಣಿಗೆ ಮಾಡುತ್ತದೆ, ಊನೋದರಕ್ಕೆ ಒಂದು ಹಾರವನ್ನೂ ಹಾಕುವುದಿಲ್ಲ. ಎಂಟು ದಿನದ ಉಪವಾಸದ ನಂತರ ಪಾರಣೆಗೆ ಬಂದ ನೆಂಟರಿಗೆಲ್ಲ ಜಿಲೇಬಿ, ಬಾದುಷಾ, ಗಾಂಠಿಯಾ! ಹಂಪಿಯ ಬಳಿ, ಹರಿಹರ ಮಹಾರಾಜನ ದಂಡನಾಯಕ ಇರುಗಪ್ಪನು 1385-86ರಲ್ಲಿ ಕಟ್ಟಿಸಿದ ಕುಂಥುನಾಥ ಚೈತ್ಯಾಲಯವನ್ನು ಜನರು ಗಾಣಗಿತ್ತಿ ಬಸದಿ ಎನ್ನುತ್ತಾರೆ. ಆ ಹೆಸರು ಇಂದು ಕೆಲವು ಭೋಜನಶಾಲೆಗಳಿಗೆ ಹೆಚ್ಚು ಒಪ್ಪುತ್ತದೆ.

ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದು ಕೂಡ ಹಸಿವನ್ನು ತಗ್ಗಿಸಿಯೇ ಕೆಲಸ ಮಾಡುತ್ತದೆ. 2021ರ ಅಧ್ಯಯನದಲ್ಲಿ 68 ವಾರಗಳಲ್ಲಿ ತೂಕ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೆಯ ಎರಡು ಪಾಲು ಮರಳಿತು. ರೋಗಿಗೆ ವೈದ್ಯರು ಹೇಳಿದರೆ ಅದನ್ನು ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ಸೂಜಿಯಿಂದ ಬಂದುದೂ ಊನೋದರವೇ ಎಂಬುದನ್ನು ಮರೆಯಬಾರದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ದೀರ್ಘ ಉಪವಾಸ ಹಿಡಿಯಬಾರದು. ರಕ್ತದ ಸಕ್ಕರೆ ಕುಸಿದರೆ ಪ್ರಾಣಕ್ಕೇ ಸಂಚಕಾರ. ಅಂಥವರನ್ನು ಹುರಿದುಂಬಿಸುವುದು ಪುಣ್ಯವಲ್ಲ.

ದೇವಾಲಯದ ಟ್ರಸ್ಟುಗಳು ಇದನ್ನು ಮನೆಯವರ ಖಾಸಗಿ ವಿಷಯವೆಂದು ತಳ್ಳಿಹಾಕುವಂತಿಲ್ಲ. ಸಿಹಿತಿಂಡಿಗಳ ಸಂಖ್ಯೆಯಿಂದ ದಾನಿಯ ಗೌರವ ಅಳೆಯುವ ಪದ್ಧತಿಯನ್ನು ಪೋಷಿಸಿದವರು ಟ್ರಸ್ಟಿನವರೇ. ಸ್ವಾಮಿವಾತ್ಸಲ್ಯದಲ್ಲಿ ಸಿಹಿ ಒಂದೇ ಇರಲಿ, ಕರಿದ ತಿನಿಸು ಒಂದನ್ನು ಮೀರದಿರಲಿ. ಬೇಳೆ, ತರಕಾರಿ, ಜೋಳದ ರೊಟ್ಟಿ ಮೊದಲು ಬಡಿಸಲ್ಪಡಲಿ. ಬೇಡವೆಂದವರ ತಟ್ಟೆಗೆ ಬಲವಂತವಾಗಿ ಬಡಿಸುವ ಉಪಚಾರ ನಿಲ್ಲಲಿ. ಉಳಿದ ಹಣದಲ್ಲಿ ಪರ್ವದ ಮುನ್ನ ಉಪವಾಸಿಗಳ ರಕ್ತಪರೀಕ್ಷೆ ನಡೆಯಲಿ. ಮುಂದಿನ ಪರ್ಯುಷಣದಲ್ಲಿ, ದಶಲಕ್ಷಣದಲ್ಲಿ, ಎಂಟು ದಿನ ಉಪವಾಸ ಮಾಡಿದವರ ಹೆಸರಿನ ಪಕ್ಕದಲ್ಲೇ ವರ್ಷವಿಡೀ ಎರಡು ತುತ್ತು ಕಡಿಮೆ ಉಂಡವರ ಹೆಸರನ್ನೂ ಓದಲಿ. ಅದು ಕಠಿಣತರವಾದ ತಪಸ್ಸು.