ವಿಟಮಿನ್ ಮಾತ್ರೆಯಿಂದ ಕೇಡಿಲ್ಲವೇ?

'ವಿಟಮಿನ್ ತಾನೇ, ಗುಣವಾಗದಿದ್ದರೂ ಕೇಡಂತೂ ಇಲ್ಲ.' ಕ್ಯಾನ್ಸರ್ ರೋಗಿಯನ್ನು ನೋಡಲು ಬರುವ ನೆಂಟರಿಷ್ಟರ ಬಾಯಲ್ಲಿ ಈ ಮಾತು ಸಾಮಾನ್ಯ. ಮಾತ್ರೆ ಮಾರುವವರ ಬಂಡವಾಳವೂ ಇದೇ. ಆದರೆ ಇದು ಸುಳ್ಳು.

ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿತ್ತು, ನಿಜ. ಹಾಗೆಂದು ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನನ್ನು ಮಾತ್ರೆ ಮಾಡಿ ಫಿನ್ಲೆಂಡಿನ ಧೂಮಪಾನಿಗಳಿಗೆ ಕೊಟ್ಟು ನೋಡಲಾಯಿತು. ಅಧ್ಯಯನದಲ್ಲಿ ಒಟ್ಟು 29,133 ಪುರುಷರಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು! ಅಮೆರಿಕದಲ್ಲಿ ಇಂತಹದೇ ಅಧ್ಯಯನವನ್ನು 1996ರಲ್ಲಿ, ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. 2011ರಲ್ಲಿ ವಿಟಮಿನ್ ಇಯ ಬಣ್ಣವೂ ಬಯಲಾಯಿತು: ಅದನ್ನು ಸೇವಿಸಿದ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು.

ನಮ್ಮ ಕಾನೂನು ಇಂತಹ ಪೂರಕಗಳನ್ನು ಆಹಾರದ ಸಾಲಿಗೆ ಸೇರಿಸಿದೆ. ಔಷಧಿಯಾಗಿ ಬಳಸುವಂತಿಲ್ಲವೆಂದು ಡಬ್ಬಿಯ ಮೇಲೆ ಮುದ್ರಿಸಲೇಬೇಕು. ಮನೆಬಾಗಿಲಿಗೆ ಬರುವ ಮಾರಾಟಗಾರ ಅದನ್ನು ಓದಿ ಹೇಳುತ್ತಾನೆಯೇ?

ರಕ್ತ ಪರೀಕ್ಷಿಸಿ, ಕೊರತೆ ಕಂಡು ವೈದ್ಯರು ಕೊಡುವ ವಿಟಮಿನ್ ಬೇರೆ. ರೇಡಿಯೇಷನ್ ನಡೆಯುತ್ತಿರುವಾಗ ಅವರಿಗೆ ತಿಳಿಸದೆ ಆಂಟಿಆಕ್ಸಿಡೆಂಟ್ ನುಂಗಿಸುವುದು ಬೇರೆ. ರೇಡಿಯೇಷನ್ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಬಹುಮಟ್ಟಿಗೆ ಆಕ್ಸಿಡೀಕರಣದ ಬಲದಿಂದಲೇ. ಈ ಮಾತ್ರೆಗಳು ಆ ಬಲಕ್ಕೇ ಅಡ್ಡಬರಬಹುದು.